ಪ್ರೊಪೆಲರ್ ತಿರುಗುವುದು ಕಾಣಬೇಕು

ಹಾರುತ್ತಿರುವ ಕೋರ್ಸೇರ್‌ನ (ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನ) ಫೋಟೋ 1/1000 ಸೆಕೆಂಡಿನ ಶಟರ್‌ನಲ್ಲಿ ತೆಗೆದರೆ ಚೂಪಾಗಿ ಬರುತ್ತದೆ, ಆದರೆ ಜೀವ ಇರುವುದಿಲ್ಲ. ಎಂಜಿನ್ 2000 ಆರ್‌ಪಿಎಂನಲ್ಲಿದ್ದಾಗ 2:1 ಗೇರಿನಿಂದ ಪ್ರೊಪೆಲರ್ ನಿಮಿಷಕ್ಕೆ 1000 ಸುತ್ತು. ಆ ಶಟರ್‌ಗೆ ಅಲಗು ಸರಿಯುವುದು ಬರೀ 6 ಡಿಗ್ರಿ, ನಿಂತ ಹಾಗೇ ಕಾಣುತ್ತದೆ. 1/125ಕ್ಕೆ ಇಳಿಸಿದರೆ 48 ಡಿಗ್ರಿ. ಮೂರು ಅಲಗಿನ ಎಫ್4ಯು-1 ಮಾದರಿಯ ಕೋರ್ಸೇರ್‌ಗೆ ಪೂರ್ತಿ ಚಕ್ರ ಬೇಕಾದರೆ 1/50. ಐದು ಅಲಗಿನ ಬ್ರಿಟಿಷ್ ಯುದ್ಧವಿಮಾನ ಸೀ ಫ್ಯೂರಿಗೆ ಅಷ್ಟು ಇಳಿಯಬೇಕಿಲ್ಲ. ಇಷ್ಟು ನಿಧಾನದ ಶಟರ್‌ಗೆ ವಿಮಾನದ ಜೊತೆಗೇ ಕ್ಯಾಮೆರಾ ಸಾಗುವಂತೆ ಸೊಂಟದಿಂದ ತಿರುಗಿ, ಕ್ಲಿಕ್ ಆದ ಮೇಲೂ ತಿರುಗುತ್ತಲೇ ಇರಿ; ಅಲ್ಲಿ ನಿಲ್ಲಿಸುವುದರಿಂದಲೇ ಹೆಚ್ಚಿನ ಚಿತ್ರ ಅಲುಗಿಹೋಗುವುದು.

ಬಿಳಿ ಆಕಾಶಕ್ಕೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗಿ ವಿಮಾನದ ಕಡುನೀಲಿ ಹೊಟ್ಟೆ ಕಪ್ಪಾಗುತ್ತದೆ, ಎಕ್ಸ್‌ಪೋಶರ್ +1 ಸ್ಟಾಪ್ ಕೊಡಿ. ಸಮುದ್ರದ ಮೇಲೆ ಕಣ್ಣಿಗೆ ಬೀಳದಿರಲೆಂದೇ ಹಚ್ಚಿದ ಬಣ್ಣವಲ್ಲವೇ, ಈಗಲೂ ಅದರ ಕೆಲಸ ಅದು ಮಾಡುತ್ತಿದೆ! ನೆಲದಲ್ಲಿ ವಿಮಾನವೇ ಫ್ರೇಮ್ ತುಂಬಿದರೆ ಉಲ್ಟಾ, -2/3.