ಹಳ್ಳ ದಾಟಲಿಲ್ಲ

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲವೇ ಮಳೆಗಾಲ. 2023ರ ಜನವರಿಯಲ್ಲಿ ಫ್ರೀಮಾಂಟ್‌ನ ಅಕ್ಕನ ಮನೆಗೆ ಹೋದಾಗ ಪೆಸಿಫಿಕ್ ಕಡೆಯಿಂದ ಒಂದರ ಹಿಂದೊಂದು ಜೋರು ಮಳೆ ಬರುತ್ತಿತ್ತು. ಒಂದು ಬೆಳಗ್ಗೆ ಸ್ವಲ್ಪ ಹೊಳವಾಯಿತು. ಗರ್ನ್‌ವಿಲ್‌ನ ರೆಡ್‌ವುಡ್ ಮರ ನೋಡೋಣ ಎಂದು ನಾನೂ ಭಾವನೂ ಹೊರಟೆವು. ಅಕ್ಕ ಬರಲಿಲ್ಲ. ಬುದ್ಧಿವಂತೆ.

ಸೆಬಾಸ್ಟೊಪೋಲ್ ದಾಟಿದ ಮೇಲೆ ಮ್ಯಾಪ್ ಒಂದು ಒಳರಸ್ತೆ ತೋರಿಸಿತು. ಗ್ರ್ಯಾಟನ್ ಹತ್ತಿರದ ಗ್ರೀನ್ ವ್ಯಾಲಿ ರೋಡ್. ಎರಡೂ ಕಡೆ ಎಲೆ ಉದುರಿದ ದ್ರಾಕ್ಷಿ ಬಳ್ಳಿ. ಒಂದು ಇಳಿಜಾರಿನಲ್ಲಿ ಭಾವ ಬ್ರೇಕ್ ಹಾಕಿದರು. ಮುಂದೆ ರಸ್ತೆಯೇ ಇಲ್ಲ, ಚಹಾದ ಬಣ್ಣದ ನೀರು. ನಡುವಿನ ಹಳದಿ ಗೆರೆ ನೇರ ನೀರೊಳಗೆ ಇಳಿದು ಕಾಣದಾಗಿತ್ತು. ಆಚೆ ಎಪ್ಪತ್ತು ಎಂಬತ್ತು ಹೆಜ್ಜೆ ದೂರದಲ್ಲಿ ಮತ್ತೆ ಟಾರು.

"ಭಾವ, ಮೊಣಕಾಲಷ್ಟೂ ಇರಲ್ಲ, ಹೋಗೋಣ" ಅಂದೆ. ಊರಲ್ಲಿ ಮುಳುಗು ಸೇತುವೆ ಮೇಲೆ ಸ್ಕೂಟರ್ ಓಡಿಸಿದ ಪೊಗರು!

ಹಿಂದೆ ಒಂದು ಪಿಕಪ್ ಬಂದು ನಿಂತಿತು. ಗಂಬೂಟು ಹಾಕಿದ್ದ ಮುದುಕ ಇಳಿದು ಬಂದ. ಒಂದು ಅಡಿ ನೀರು ಸಾಕಂತೆ ಸಣ್ಣ ಕಾರು ತೇಲೋಕೆ. ಎರಡು ಅಡಿಯಾದರೆ ತನ್ನ ಗಾಡಿಯೂ ತೇಲಿಹೋಗುತ್ತೆ ಅಂದ. ಕೆಳಗೆ ಡಾಂಬರು ಕೊಚ್ಚಿಹೋಗಿದ್ದರೆ ಮೇಲಿಂದ ಗೊತ್ತೂ ಆಗಲ್ಲ. ದೊಡ್ಡ ನದಿ ಏರುವುದನ್ನು ಮೊದಲೇ ಹೇಳುತ್ತಾರೆ, ಹಳ್ಳ ಹಾಗಲ್ಲ. ಗುಡ್ಡದ ಮಣ್ಣು ನೀರು ಕುಡಿದು ಸಾಕಾಗಿರುತ್ತದೆ, ಬಿದ್ದ ಮಳೆಯೆಲ್ಲ ಕೆಲವೇ ಗಂಟೆಯಲ್ಲಿ ಹಳ್ಳಕ್ಕೆ ಇಳಿಯುತ್ತದೆ. ಕೆಳಗೆ ರಷ್ಯನ್ ರಿವರ್ ತುಂಬಿದ್ದರೆ ಹಳ್ಳದ ನೀರಿಗೆ ಹೋಗಲು ಜಾಗವೂ ಇಲ್ಲ. 2019ರ ಫೆಬ್ರವರಿಯಲ್ಲಿ ಗರ್ನ್‌ವಿಲ್‌ನಲ್ಲಿ ಆ ನದಿ 45 ಅಡಿ ದಾಟಿತ್ತು. ಅಲ್ಲಿ 32 ಅಡಿಗೇ ಪ್ರವಾಹ ಅಂತ ಲೆಕ್ಕ.

ಈ ಹಳ್ಳದ ಹೆಸರು ಅಟಾಸ್ಕಡೇರೊ. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಸಿಕ್ಕಿಹಾಕಿಕೊಳ್ಳುವ ಕೆಸರು ಜಾಗ. ಹೆಸರಿಟ್ಟವರು ಸುಮ್ನೆ ಇಟ್ಟಿಲ್ಲ, ಅಲ್ವಾ?

ನಾನು ಬೇಲಿ ನೋಡುತ್ತಿದ್ದೆ. ನಾವು ಬಂದಾಗ ನೀರು ಕೆಳಗಿನ ತಂತಿ ಮುಟ್ಟುತ್ತಿತ್ತು, ಹುಲ್ಲು ಕಡ್ಡಿ ಅದಕ್ಕೇ ಸಿಕ್ಕಿಕೊಂಡಿತ್ತು. ಮಾತು ಮುಗಿಯುವಷ್ಟರಲ್ಲಿ ಆ ತಂತಿ ಕಾಣಲಿಲ್ಲ. ಭಾವ ಒಂದು ಮಾತೂ ಆಡದೆ ರಿವರ್ಸ್ ಗೇರ್ ಹಾಕಿದರು.

ರಾತ್ರಿ ಉಪ್ಪಿಟ್ಟು ಬಡಿಸುತ್ತಾ ಅಕ್ಕ ಕೇಳಿದಳು, "ರೆಡ್‌ವುಡ್ ಎಷ್ಟು ಎತ್ತರ ಇತ್ತು?"

"ಎರಡನೇ ತಂತಿವರೆಗೆ" ಅಂದರು ಭಾವ.