ಶೆಟ್ಟಿಹಳ್ಳಿಗೆ ಹೊರಡುವ ಮೊದಲು ಹೇಮಾವತಿಯ ಮಟ್ಟ ನೋಡಿ

ಹಾಸನದಲ್ಲಿ ಮನೆಗೆ ನೆಂಟರು ಬಂದರೆ ಸುತ್ತಾಟದ ಪಟ್ಟಿ ತಯಾರಾಗಿಯೇ ಇರುತ್ತದೆ: ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಭಾನುವಾರ ಬೇಲೂರಿನ ಗುಡಿಯಲ್ಲಿ ಒಂದು ಮದನಿಕೆಯನ್ನು ನೆಮ್ಮದಿಯಾಗಿ ನೋಡುವುದೇ ಕಷ್ಟ. ಇವೆಲ್ಲ ಮುಗಿದ ಮೇಲೆ ಇನ್ನೇನಿದೆ ಎಂದು ಕೇಳುವವರಿಗೆ ನಾನು ಹೇಳುವುದು ಹೇಮಾವತಿ ಹಿನ್ನೀರಿನಲ್ಲಿ ಪಾಳು ಚರ್ಚು ನಿಂತಿರುವ ಶೆಟ್ಟಿಹಳ್ಳಿ. ಆದರೆ ಒಂದು ಷರತ್ತು. ಹೊರಡುವ ಮೊದಲು ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟ ಹಾಕಿರುತ್ತಾರಲ್ಲ, ಆ ಪುಟ್ಟ ಚೌಕ ಹುಡುಕಿ ಓದಿ. ಹೇಮಾವತಿಯ ಗರಿಷ್ಠ ಮಟ್ಟ 2,922 ಅಡಿ. ಇಂದಿನ ಮಟ್ಟ ಅದರಿಂದ ಎಷ್ಟು ಕೆಳಗಿದೆ ಎನ್ನುವುದರ ಮೇಲೆ ನಿಮಗೆ ಅಲ್ಲಿ ಸಿಗುವುದು ದ್ವೀಪವೋ ಬಯಲೋ ಎಂಬುದು ತೀರ್ಮಾನವಾಗುತ್ತದೆ.

ಫೋಟೊ ನೋಡಿ ಹೊರಡುವವರಲ್ಲಿ ಅರ್ಧಕ್ಕರ್ಧ ಜನ ನಿರಾಸೆಯಾಗಿ ಬರುವುದು ಇದೇ ಕಾರಣಕ್ಕೆ. ನೀರಿನ ನಡುವೆ ತೇಲುವಂತೆ ಕಾಣುವ ಚರ್ಚಿನ ಚಿತ್ರ ನೋಡಿಕೊಂಡು ಏಪ್ರಿಲ್‌ನಲ್ಲಿ ಬರುತ್ತಾರೆ, ದನ ಮೇಯುವ ಹುಲ್ಲುಗಾವಲು ಕಂಡು ಮುಖ ಸಣ್ಣ ಮಾಡುತ್ತಾರೆ. ಇಲ್ಲವೇ ಒಳಗೆ ನಡೆದಾಡಬೇಕೆಂದು ಆಗಸ್ಟ್‌ನಲ್ಲಿ ಬಂದು ದಡದಲ್ಲಿ ನಿಲ್ಲುತ್ತಾರೆ.

ಜಾಗದ ಸ್ವರೂಪ ಸ್ವಲ್ಪ ತಿಳಿದಿದ್ದರೆ ಈ ಗೊಂದಲ ಇರುವುದಿಲ್ಲ. ಮೂಡಿಗೆರೆ ಕಡೆಯ ಬಲ್ಲಾಳರಾಯನ ದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ ಹಾದು ಬರುತ್ತಾಳೆ. ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಮುಗಿದಾಗ ಆ ಹೊಳೆ ಅಲ್ಲೇ ಹಿಂದಕ್ಕೆ ನಿಂತಿತು. ಸುಮಾರು 37 ಟಿಎಂಸಿ ನೀರು ಹಿಡಿಯುವ ಜಲಾಶಯ ಇದು. ಈ ಸೀಮೆಯ ನೆಲ ಸಪಾಟಲ್ಲ, ದಿಣ್ಣೆ-ತಗ್ಗು, ದಿಣ್ಣೆ-ತಗ್ಗು. ಹಿನ್ನೀರು ತಗ್ಗುಗಳಿಗೆಲ್ಲ ನುಗ್ಗಿದ ಮೇಲೆ ದಿಣ್ಣೆಗಳು ನೀರಿನೊಳಕ್ಕೆ ಮೂತಿ ಚಾಚಿಕೊಂಡು ಉಳಿದವು. ಸಮುದ್ರದ ಭೂಶಿರಗಳ ಹಾಗೆಯೇ ಮೂರು ಕಡೆ ನೀರು, ಒಂದು ಕಡೆ ಕಾಲುದಾರಿ. ಅಂಥದೊಂದು ಚಾಚಿನ ಇಳಿಜಾರಿನಲ್ಲಿ ರೋಸರಿ ಚರ್ಚಿನ ಗೋಡೆಗಳು ನಿಂತಿವೆ. ಮುಂಗಾರಿನಲ್ಲಿ ಆ ಕಾಲುದಾರಿಯೂ ಮುಳುಗಿ ಚರ್ಚು ನಡುಗಡ್ಡೆಯಾಗುತ್ತದೆ, ಆಮೇಲೆ ಅದೂ ಮುಳುಗತೊಡಗುತ್ತದೆ.

ಕಟ್ಟಿದ್ದು ಫ್ರೆಂಚ್ ಪಾದ್ರಿಗಳು, 1860ರ ದಶಕದಲ್ಲಿ. ಮೈಸೂರು ಸೀಮೆಯಲ್ಲಿ ಅವರ ಓಡಾಟ ಅದಕ್ಕಿಂತ ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಕಡೆ ಬಂದ ಅಬ್ಬೆ ದುಬಾಯ್ ಇಲ್ಲಿನವರ ಉಡುಗೆ ತೊಟ್ಟು, ಇಲ್ಲಿನವರ ಊಟ ಉಂಡು, ಸಿಡುಬಿಗೆ ಲಸಿಕೆ ಹಾಕಿಸುತ್ತ ಊರೂರು ತಿರುಗಿದವರು. ಜನ ಅವರನ್ನು ‘ದೊಡ್ಡ ಸ್ವಾಮಿ’ ಎನ್ನುತ್ತಿದ್ದರು. ದಡದಲ್ಲಿ ಸಿಗುವ ಒಬ್ಬಿಬ್ಬರು ಈ ಚರ್ಚನ್ನೂ ಅವರ ಲೆಕ್ಕಕ್ಕೇ ಬರೆಯುತ್ತಾರೆ. ನಂಬಬೇಡಿ. ದುಬಾಯ್ 1823ರಲ್ಲೇ ಸ್ವದೇಶಕ್ಕೆ ಮರಳಿದವರು, 1848ರಲ್ಲಿ ತೀರಿಕೊಂಡವರು.

ಹೋಗುವ ದಾರಿ ಸುಲಭ. ಬೆಂಗಳೂರಿನಿಂದ ಬರುವವರಿಗೆ ಹಾಸನದವರೆಗೆ ಹೆದ್ದಾರಿ ಇದ್ದೇ ಇದೆ. ಕಾರು ಬೇಡವೆಂದರೆ ಕುಣಿಗಲ್, ಶ್ರವಣಬೆಳಗೊಳದ ಮೇಲೆ 2017ರಲ್ಲಿ ಶುರುವಾದ ರೈಲು ಮಾರ್ಗ ಆರಾಮ. ಹಾಸನದಿಂದ ಬಿಸಿಲೆ ಕಡೆಯ ರಸ್ತೆ ಹಿಡಿದರೆ ಶೆಟ್ಟಿಹಳ್ಳಿ ಸುಮಾರು 20 ಕಿ.ಮೀ. ಊರಿನಿಂದ ಮುಂದೆ ಚರ್ಚಿಗೆ ಇನ್ನೂ ಒಂದೆರಡು ಕಿ.ಮೀ. ಆಗುತ್ತದೆ. ಬಸ್ಸು ನಂಬಿ ಹೋದರೆ ವಾಪಸು ಬರುವ ಹೊತ್ತಿಗೆ ಪರದಾಡಬೇಕು. ಹಾಸನದಲ್ಲೇ ಆಟೊ ಅಥವಾ ಟ್ಯಾಕ್ಸಿಯನ್ನು ಹೋಗಿಬರುವುದಕ್ಕೆ ಮಾತಾಡಿಕೊಂಡು, ಅಲ್ಲಿ ಎರಡು ಗಂಟೆ ಕಾಯಬೇಕೆಂದು ಮೊದಲೇ ಹೇಳಿಬಿಡಿ. ಚರ್ಚಿನ ಹತ್ತಿರ ಹೋಟೆಲಿಲ್ಲ, ಶೌಚಾಲಯವಿಲ್ಲ, ನೆರಳೂ ಇಲ್ಲ. ನಾವು ಮನೆಯವರೆಲ್ಲ ಹೋದಾಗ ನಮ್ಮ ಅಕ್ಕ ಅಕ್ಕಿರೊಟ್ಟಿ, ಕಾಯಿಚಟ್ನಿ ಕಟ್ಟಿಕೊಂಡಿದ್ದಳು. ಭಾವ “ಹಾಸನದಿಂದ ಇಷ್ಟು ದೂರಕ್ಕೆ ಬುತ್ತಿ ಯಾಕೆ” ಎಂದು ಗೊಣಗಿದವರು ಹನ್ನೊಂದು ಗಂಟೆಗೆ ಎಲ್ಲರಿಗಿಂತ ಮೊದಲು ಡಬ್ಬಿ ಬಿಚ್ಚಿದರು.

ಬೇಸಿಗೆಯ ಭೇಟಿಯನ್ನೇ ನಾನು ಮೇಲೆನ್ನುವುದು. ಫೋಟೊಗೆ ಮಳೆಗಾಲ ಚಂದ, ಒಪ್ಪುತ್ತೇನೆ. ಆದರೆ ಕಟ್ಟಡವನ್ನು ಓದಬೇಕೆಂದರೆ ಫೆಬ್ರುವರಿಯಿಂದ ಮೇ ನಡುವೆ, ನೀರು ಚೆನ್ನಾಗಿ ಹಿಂದೆ ಸರಿದಾಗ ಬರಬೇಕು. ಬೆಳಿಗ್ಗೆ ಎಂಟರೊಳಗೆ ತಲುಪಿದರೆ ಬಿಸಿಲಿನ ಕಾಟವಿಲ್ಲ, ಜನವೂ ಕಡಿಮೆ. ಕೆರೆಯಂಗಳದಂತೆ ಬಿರುಕು ಬಿಟ್ಟ ಎರೆಮಣ್ಣು, ನಡುನಡುವೆ ಹಸಿರು ಗರಿಕೆ, ನೀರಿನಂಚಿನಲ್ಲಿ ಸಾಲು ಬೆಳ್ಳಕ್ಕಿ, ಒಣಗಿದ ಮರದ ಮೋಟಿನ ಮೇಲೆ ರೆಕ್ಕೆ ಬಿಚ್ಚಿ ಕೂತ ನೀರುಕಾಗೆ. ಕಾಲಡಿಯಲ್ಲಿ ಬಸವನಹುಳದ ಚಿಪ್ಪುಗಳು ಪುಡಿಯಾಗುತ್ತವೆ.

ಚಾವಣಿ ಇಲ್ಲ. ಒಳಹೊಕ್ಕರೆ ತಲೆಯ ಮೇಲೆ ಆಕಾಶ, ಎರಡು ಬದಿ ಚೂಪು ತುದಿಯ ಎತ್ತರದ ಕಮಾನುಗಳು. ಕಮಾನು ಮೇಲೆ ಚೂಪಾದಷ್ಟೂ ಮೇಲಿನ ಭಾರ ಪಕ್ಕಕ್ಕೆ ತಳ್ಳುವುದು ಕಡಿಮೆಯಾಗಿ ನೆಲಕ್ಕೆ ಇಳಿಯುವುದು ಹೆಚ್ಚುತ್ತದೆ; ಗಾಥಿಕ್ ಶೈಲಿಯವರು ಗೋಡೆಯನ್ನು ಇಷ್ಟು ತೆರೆದು, ಇಷ್ಟೆತ್ತರಕ್ಕೆ ಒಯ್ದದ್ದು ಆ ಲೆಕ್ಕಾಚಾರದಿಂದ. ಹಾಸನ ಜಿಲ್ಲೆಯಲ್ಲಿ ನಮ್ಮ ಕಣ್ಣು ಪಳಗಿರುವುದು ಹೊಯ್ಸಳರ ಕಪ್ಪು ಬಳಪದ ಕಲ್ಲಿಗೆ, ತಗ್ಗಾದ ನವರಂಗದ ಕತ್ತಲೆಗೆ. ಇಲ್ಲಿ ಎಲ್ಲವೂ ತಿರುವುಮುರುವು: ಇಟ್ಟಿಗೆ, ಗಾರೆ, ಎತ್ತರ, ಬೆಳಕು.

ಗೋಡೆಯ ಹತ್ತಿರ ಹೋಗಿ ನೋಡಿ, ಮುಟ್ಟಬೇಡಿ. ಆಳೆತ್ತರದಲ್ಲಿ, ಅದರ ಮೇಲೆ, ಇನ್ನೂ ಮೇಲೆ ಅಡ್ಡಗೆರೆಗಳು ಕಾಣುತ್ತವೆ. ಒಂದೊಂದು ಮಳೆಗಾಲ ನೀರು ನಿಂತು ಹೋದ ಗುರುತು ಅವು. ಗೆರೆಗಳ ಕೆಳಗೆ ಗಾರೆ ಕಳಚಿದೆ, ಇಟ್ಟಿಗೆಯ ಮೂಲೆಗಳು ನೀರಿಗೆ ಸವೆದು ದುಂಡಗಾಗಿವೆ. ಗೆರೆಗಳ ಮೇಲೆ ಗಾರೆ ಇನ್ನೂ ನಯವಾಗಿದೆ, ಅಂಚಿನ ಅಲಂಕಾರದ ಪಟ್ಟಿಯೂ ಅಲ್ಲಲ್ಲಿ ಉಳಿದಿದೆ. ಬೆಲ್ಲ ಮತ್ತು ಮೊಟ್ಟೆ ಹಾಕಿ ಕಲಸಿದ ಗಾರೆ ಎಂದು ಸುತ್ತಲಿನವರು ಹೇಳುತ್ತಾರೆ. ಹಳೆಯ ಸುಣ್ಣದ ಕೆಲಸದಲ್ಲಿ ಬೆಲ್ಲದ ನೀರು, ಅಳಲೆಕಾಯಿ ಕಷಾಯ, ಮೊಟ್ಟೆಯ ಬಿಳಿ ಬಳಸುತ್ತಿದ್ದದ್ದು ನಿಜವೇ. ಆದರೆ ಎಂಥ ಗಾರೆಯಾದರೂ ವರ್ಷಕ್ಕೊಮ್ಮೆ ತಿಂಗಳುಗಟ್ಟಲೆ ನೆನೆದು, ಮತ್ತೆ ತಿಂಗಳುಗಟ್ಟಲೆ ಒಣಗಿದರೆ ಸುಣ್ಣ ಕರಗಿ ಹೋಗುತ್ತದೆ. ಅಲೆ ಬಡಿಯುವುದು ಬೇರೆ, ಬಿರುಕಿನಲ್ಲಿ ಬೇರು ಬಿಡುವ ಗಿಡಗಳು ಬೇರೆ. ಅದಕ್ಕೇ ಗೋಡೆಗಳು ಒಂದೊಂದಾಗಿ ಕುಸಿಯುತ್ತಿವೆ. ಹಳೆಯ ಫೋಟೊ ಫೋನಿನಲ್ಲಿ ಇಟ್ಟುಕೊಂಡು ಹೋದರೆ ಯಾವ ಕಮಾನು ಈಗಿಲ್ಲ ಎಂದು ನೀವೇ ಲೆಕ್ಕ ಹಾಕಬಹುದು.

ಹೀಗಿರುವಾಗ ಕಮಾನಿನ ಕೆಳಗೆ ನಿಂತು ಸೆಲ್ಫಿ, ಗೋಡೆ ಹತ್ತಿ ಕೈ ಬೀಸುವುದು, ಎಲ್ಲ ನಡೆಯುತ್ತಲೇ ಇದೆ. ಮದುವೆಗೆ ಮುಂಚಿನ ಫೋಟೊಶೂಟ್‌ನವರು ಹೊಗೆ ಡಬ್ಬಿ ಹಚ್ಚಿಕೊಂಡು ಅರ್ಧ ಗಂಟೆ ಯಾರನ್ನೂ ಒಳಗೆ ಬಿಡಲಿಲ್ಲ. ನಮ್ಮ ಅಕ್ಕನ ಮಗಳು “ಮಾಮ, ಇದು ಅವರ ಚರ್ಚಾ?” ಎಂದು ಗಟ್ಟಿಯಾಗಿ ಕೇಳಿದಳು, ಆಗ ಸ್ವಲ್ಪ ಸರಿದರು. ಹೆಸರು ಕೆತ್ತುವವರ ಬಗ್ಗೆ ಬರೆದರೆ ಈ ಬರಹ ಮುಗಿಯುವುದಿಲ್ಲ. ಒಡೆದ ಬಾಟಲಿ ಚೂರು ಬಿದ್ದಿರುತ್ತವೆ, ಮಕ್ಕಳಿಗೆ ಚಪ್ಪಲಿ ಬೇಡ, ಶೂ ಹಾಕಿಸಿ.

ಚರ್ಚು ನೋಡಿ ಹೊರಟುಬಿಡಬೇಡಿ. ದಿಣ್ಣೆಯ ತುದಿಯವರೆಗೆ ನಡೆಯಿರಿ. ಅಲ್ಲಿ ದನ ಬಿಟ್ಟುಕೊಂಡು ಕೂತಿದ್ದ ಅಜ್ಜ ಒಬ್ಬರು ಭಾವನಿಗೆ ಬೀಡಿ ಇದೆಯಾ ಎಂದು ಕೇಳಿ, ಇಲ್ಲವೆಂದಾಗ ಬೇಸರ ಮಾಡಿಕೊಳ್ಳದೆ ಮಾತಿಗಿಳಿದರು. “ಎಲ್ಲಾ ಚರ್ಚು ನೋಡೋಕ್ ಬತ್ತೀರ. ಅಗೋ, ಆ ಎರಡು ಮೋಟು ಕಾಣ್ತದಲ್ಲ, ಅದರಿಂದಾಚೆಗೆ ನಮ್ಮಪ್ಪಂದು ಗದ್ದೆ ಇತ್ತು ಕಣಪ್ಪ. ಎಲ್ಡ್ ಬೆಳೆ.” ಕೈ ತೋರಿಸಿದ ಕಡೆ ಬರೀ ನೀರು. “ಬೇಸ್ಗೇಲಿ ಪೂರ್ತಿ ಬತ್ತಿದ್ ವರ್ಷ ಬದು ಕಾಣ್ತದೆ. ಹೋಗ್ ನೋಡ್ಕಂಡ್ ಬತ್ತೀನಿ.” ಪರಿಹಾರದ ಬಗ್ಗೆ ಭಾವ ಕೇಳಿದರು. ಅಜ್ಜ ಉತ್ತರ ಕೊಡದೆ ಎದ್ದು ಹೋಗಿ ಒಂದು ಕರುವನ್ನು ಅಟ್ಟಿಕೊಂಡು ಬಂದು, ಈ ವರ್ಷದ ಮಳೆ ಹೇಗಿದೆಯಂತೆ ಎಂದು ನಮ್ಮನ್ನೇ ಕೇಳಿದರು.

ಈ ಹಿನ್ನೀರಿನ ಪರಂಪರೆ ಎಂದರೆ ಫೋಟೊದಲ್ಲಿ ಬರುವ ಒಂದು ಚರ್ಚು ಮಾತ್ರವಲ್ಲ ಎಂದು ನನಗೆ ಮೊದಲಿನಿಂದಲೂ ಅನಿಸುತ್ತದೆ. ಇಟ್ಟಿಗೆ ಎತ್ತರವಿದ್ದದ್ದರಿಂದ ಚರ್ಚು ಕಾಣುತ್ತದೆ, ಮಣ್ಣಿನ ಮನೆಗಳು ಕಾಣುವುದಿಲ್ಲ, ಅಷ್ಟೇ. ಕೆಳಗಿನ ನಾಲೆಗಳಲ್ಲಿ ಬೆಳೆ ಬೆಳೆಯುವ ನಮ್ಮಂಥವರು ತಿನ್ನುವ ಅನ್ನಕ್ಕೆ ಮೇಲಿನವರ ಎರಡು ಬೆಳೆಯ ಗದ್ದೆ ಹೋಗಿದೆ. ಅಲ್ಲಿ ಯಾರಾದರೂ ಹಿರಿಯರು ಸಿಕ್ಕರೆ ಹತ್ತು ನಿಮಿಷ ಕೂತು ಕೇಳಿ. ಆ ಜಾಗಕ್ಕೆ ಬೇರೆ ಗೈಡ್ ಇಲ್ಲ.

ಇನ್ನು ಮಳೆಗಾಲಕ್ಕೆ ಬರುವವರಿಗೆ. ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಸಾಮಾನ್ಯವಾಗಿ ನೀರು ಹೆಚ್ಚಿರುತ್ತದೆ. ಸಕಲೇಶಪುರ, ಮೂಡಿಗೆರೆಯಲ್ಲಿ ಮಳೆ ಹಿಡಿದರೆ ಒಳಹರಿವು ಏರಿ ವಾರದೊಳಗೆ ಚಿತ್ರವೇ ಬದಲಾಗಬಹುದು. ಹತ್ತಿರದ ಸೇತುವೆಯ ಮೇಲಿನಿಂದ ಚರ್ಚು ಚೆನ್ನಾಗಿ ಕಾಣುತ್ತದೆ. ವಾಹನ ಒಂದು ಬದಿಗೆ ಒತ್ತಿ ನಿಲ್ಲಿಸಿ, ಹಾಲಿನ ಗಾಡಿ, ಟ್ರ್ಯಾಕ್ಟರ್ ಓಡಾಡುವ ದಾರಿ ಅದು. ಗಾಳಿ ಏಳುವ ಮೊದಲು, ಬೆಳಿಗ್ಗೆ ಬೇಗ ಹೋದರೆ ಮಾತ್ರ ನೀರಿನಲ್ಲಿ ಗೋಡೆಯ ಪ್ರತಿಬಿಂಬ ಸಿಗುತ್ತದೆ. ಮೀನು ಹಿಡಿಯುವವರು ತೆಪ್ಪದಲ್ಲಿ ಕರೆದುಕೊಂಡು ಹೋಗುತ್ತೇವೆ ಎನ್ನಬಹುದು. ಲೈಫ್ ಜಾಕೆಟ್ ಇಲ್ಲದಿದ್ದರೆ ಬೇಡ ಎನ್ನಿ. ಈಜು ಬಂದರೂ ನೀರಿಗೆ ಇಳಿಯಬೇಡಿ. ಕೆಳಗೆ ಕುಸಿದ ಗೋಡೆ, ಮರದ ಬುಡ, ಹೂಳು ಎಲ್ಲವೂ ಇದೆ.

ನೀರು ಇಳಿಯುವ ಡಿಸೆಂಬರ್, ಜನವರಿಯಲ್ಲಿ ಬೇರೆಯದೇ ಅಪಾಯ. ಮೇಲೆ ಒಣಗಿದ ಹಾಗೆ ಕಾಣುವ ಮಣ್ಣು ಒಳಗೆ ಹಸಿಯಾಗಿರುತ್ತದೆ. ಚರ್ಚಿನ ಬಾಗಿಲಿಗೇ ಕಾರು ಒಯ್ಯುವ ಆಸೆಯಿಂದ ಇಳಿಸಿದವರು ಚಕ್ರ ಹೂತು, ಊರಿನಿಂದ ಟ್ರ್ಯಾಕ್ಟರ್ ತರಿಸಿ ಎಳೆಸಿದ್ದನ್ನು ನೋಡಿದ್ದೇನೆ. ಗಟ್ಟಿ ರಸ್ತೆ ಮುಗಿದಲ್ಲೇ ಗಾಡಿ ನಿಲ್ಲಿಸಿ ನಡೆಯಿರಿ.

ಅರ್ಧ ದಿನ ಉಳಿಯುತ್ತದೆ. ಮಳೆಗಾಲವಾದರೆ ಗೊರೂರಿಗೆ ಹೋಗಿ. ಕ್ರೆಸ್ಟ್ ಗೇಟು ತೆರೆದಿದ್ದರೆ ಅಣೆಕಟ್ಟಿನ ಮುಂದೆ ಜಾತ್ರೆ. ತೆರೆದಿಲ್ಲದಿದ್ದರೆ ಅಲ್ಲಿ ಹೆಚ್ಚು ಹೊತ್ತು ಬೇಕಿಲ್ಲ, ಊರೊಳಗೆ ಹೊಳೆದಂಡೆಯ ಯೋಗಾನರಸಿಂಹನ ಗುಡಿ ನೋಡಿಕೊಂಡು ಬನ್ನಿ.

ಬೇಸಿಗೆಯಾದರೆ ನನ್ನ ಮತ ಮಂಜರಾಬಾದ್ ಕೋಟೆಗೆ. ಸಕಲೇಶಪುರ ದಾಟಿ ಐದಾರು ಕಿ.ಮೀ., ದೋಣಿಗಾಲ್ ಹತ್ತಿರ, ಹೆದ್ದಾರಿ ಪಕ್ಕದ ಗುಡ್ಡದ ಮೇಲೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಯಾವ ಮೂಲೆಗೆ ಶತ್ರು ಬಂದರೂ ಪಕ್ಕದ ಮೂಲೆಯಿಂದ ಗುಂಡು ಹಾರಿಸಬಹುದಾದ ಯೂರೋಪಿನ ಲೆಕ್ಕ. ಅದರಿಂದಾಗಿ ಶೆಟ್ಟಿಹಳ್ಳಿಯೂ ಇದೂ ಒಂದೇ ದಿನಕ್ಕೆ ಹೊಂದುತ್ತವೆ: ಎರಡೂ ಈ ಮಣ್ಣಿಗೆ ಹೊರಗಿನಿಂದ ಬಂದ ರೇಖಾಗಣಿತ. ಒಳಗೆ ಹೋಗುವ ಬಾಗಿಲಲ್ಲಿ ತಲೆ ಎತ್ತಿ ಚಾವಣಿ ನೋಡುವುದನ್ನು ಮರೆಯಬೇಡಿ, ಕೋಟೆಯ ನಕ್ಷೆಯನ್ನೇ ಅಲ್ಲಿ ಬಿಡಿಸಿದ್ದಾರೆ. ಹೆದ್ದಾರಿಯಿಂದ ಮೆಟ್ಟಿಲು ಹತ್ತಬೇಕು, ಮಂಡಿನೋವಿನವರು ನಿಧಾನಕ್ಕೆ. ಮೇಲೆ ಕುಡಿಯುವ ನೀರು ಸಿಗುತ್ತದೆಂದು ನಂಬಿ ಹೋಗಬೇಡಿ, ಸಂಜೆ ತೀರ ತಡವಾಗಿ ಹತ್ತಬೇಡಿ. ಮಳೆಗಾಲದಲ್ಲಿ ಮೋಡ ಇಳಿದರೆ ಎದುರಿನ ಗೋಡೆಯೂ ಕಾಣುವುದಿಲ್ಲ, ಕಲ್ಲು ಪಾಚಿ ಕಟ್ಟಿ ಜಾರುತ್ತದೆ. ಅಂಥ ದಿನ ಸಕಲೇಶಪುರದ ಕಡೆ ತಿರುಗದೆ ಗೊರೂರಿನಿಂದಲೇ ಹಾಸನಕ್ಕೆ ವಾಪಸಾಗಿ.