ಒಂದೇ ನದಿ, ಎರಡು ಬೆಲೆ

ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ಜಲಾನಯನ ಪ್ರದೇಶದಲ್ಲಿ ನೀರಾವರಿಯ ಹಕ್ಕು ಹೇಗೆ ಬಿಕರಿಯಾಗುತ್ತದೆ ಎಂಬುದನ್ನು ಓದುತ್ತಾ ನಿನ್ನೆ ರಾತ್ರಿ ತಡವಾಗಿ ಮಲಗಿದೆ. ಅಲ್ಲಿ ನೀರಿನ ಹಕ್ಕು ಜಮೀನಿನಿಂದ ಬೇರ್ಪಟ್ಟಿರುವುದರಿಂದ, ಹೊಲವನ್ನು ಉಳಿಸಿಕೊಂಡು ನೀರನ್ನಷ್ಟೇ ಮಾರಬಹುದು. ಶಾಶ್ವತ ಹಕ್ಕಿಗೆ ಒಂದು ಬೆಲೆಯಾದರೆ, ಆ ಹಕ್ಕಿಗೆ ಆಯಾ ವರ್ಷ ದಕ್ಕುವ ಪಾಲಿಗೆ ಇನ್ನೊಂದು.

ವರ್ಷದ ಪಾಲಿನ ಬೆಲೆಯನ್ನು ಆಡಿಸುವುದು ಮುಖ್ಯವಾಗಿ ಮಳೆ ಮತ್ತು ಜಲಾಶಯದ ಸಂಗ್ರಹ. ಆದರೆ ಬರಗಾಲದಲ್ಲಿ ಆ ಬೆಲೆ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದು ಬೆಳೆಯನ್ನು ಅವಲಂಬಿಸಿದೆ. ಭತ್ತದ ರೈತ ಒಂದು ವರ್ಷ ಬಿತ್ತನೆಯನ್ನೇ ಕೈಬಿಟ್ಟು ತನ್ನ ಪಾಲನ್ನು ಮಾರಿ ಹಣ ಮಾಡಿಕೊಳ್ಳಬಲ್ಲ. ಬಾದಾಮಿ ತೋಟದವನಿಗೆ ಆ ಸ್ವಾತಂತ್ರ್ಯವಿಲ್ಲ, ಏಕೆಂದರೆ ಮರ ಒಣಗಿದರೆ ವರ್ಷಗಟ್ಟಲೆಯ ಬಂಡವಾಳವೇ ಹೋಗುತ್ತದೆ. ಸಹಸ್ರಮಾನದ ಬರವೆಂದು ಹೆಸರಾದ ಆ ದಿನಗಳಲ್ಲಿ, 2007ರ ಸುಮಾರಿಗೆ, ಒಂದು ಮೆಗಾಲೀಟರ್, ಅಂದರೆ 10 ಲಕ್ಷ ಲೀಟರ್ ನೀರಿಗೆ ಕೆಲವೆಡೆ 1,000 ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಕೊಟ್ಟವರಿದ್ದರು. ಹೂಡಿಕೆದಾರರೇ ಬೆಲೆ ಏರಿಸುತ್ತಾರೆಂಬ ದೂರು ಆಗಾಗ ಕೇಳಿಬರುತ್ತದೆ. ನನಗೇನೋ ಬಾದಾಮಿ ಮರದ ಬೇರೇ ಹೆಚ್ಚು ಬಲವಾಗಿ ಜಗ್ಗುವಂತೆ ತೋರುತ್ತದೆ.

ಶಾಶ್ವತ ಹಕ್ಕಿನ ಬೆಲೆಗೆ ಅದರ ಭರವಸೆಯ ಮಟ್ಟ (ಅಂದರೆ ವರ್ಷ ವರ್ಷವೂ ಪಾಲು ದಕ್ಕುವ ಖಾತ್ರಿ ಎಷ್ಟು ಎಂಬುದು), ಬಡ್ಡಿದರ, ಪರಿಸರಕ್ಕಾಗಿ ಸರ್ಕಾರ ಮಾಡುವ ಖರೀದಿ, ಇವೆಲ್ಲವೂ ಸೇರಿಕೊಳ್ಳುತ್ತವೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಮರ್ರೆ ನದಿ ಬಾರ್ಮಾ ಎಂಬಲ್ಲಿ ಕಿರಿದಾಗಿ ಹರಿಯುವ ಜಾಗ. ಅಲ್ಲಿ ದಂಡೆ ಮೀರದಂತೆ ಹರಿಸಬಹುದಾದ ನೀರಿಗೆ ಮಿತಿಯಿರುವುದರಿಂದ, ಮೇಲ್ಭಾಗದ ಹಕ್ಕನ್ನು ಕೆಳಭಾಗಕ್ಕೆ ಮಾರುವುದಕ್ಕೂ ನಿರ್ಬಂಧವಿದೆ. ಹೀಗಾಗಿ ಒಂದೇ ನದಿಯ ನೀರಿಗೆ ಒಂದೇ ದಿನ ಮೇಲೊಂದು, ಕೆಳಗೊಂದು ದರ ನಡೆಯುವುದುಂಟು.